ಅತಿಥಿಗಳು ಗೋಡೆಯಿಂದಿಳಿದ ಸೋಮವಾರ

ನಮ್ಮೂರಿನಲ್ಲೂ ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲ ಇವೆ. ಆದರೆ ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಕಾಲ ಗುರುತಿಸುವುದು ಚಿತ್ರಶಾಲೆಯ ಗೋಡೆ ನೋಡಿ. ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ತಾಯಿ 'ಹಳದಿಯೊಳಗ' ಅನ್ನುತ್ತಾಳೆ. ಮನೆ ಕಟ್ಟಿಸಿದ್ದು ಯಾವಾಗ ಅಂದರೆ ಯಜಮಾನ '"ಕಾಯುವವರು" ನಡೆದಾಗ ಶುರು ಮಾಡಿದ್ವಿ, ಅದಕ್ಕ ಇನ್ನೂ ಮುಗಿದಿಲ್ಲ' ಅನ್ನುತ್ತಾನೆ. ಚಿತ್ರಶಾಲೆಯ ದೊಡ್ಡ ಕೋಣೆಯಲ್ಲಿ ಯಾವ ವಿಷಯದ ಚಿತ್ರಗಳನ್ನು ತೂಗುಹಾಕುತ್ತಾರೋ, ಅವು ಇಳಿಯುವವರೆಗೆ ಊರಿನಲ್ಲೆಲ್ಲ ಅದರದೇ ಕಾರಭಾರ.

'ನಿದ್ದೆ' ನಡೆದಾಗ ಹಾಲಿನವನು ಮಧ್ಯಾಹ್ನ ಬರುತ್ತಿದ್ದ, ನಾವು ಹೊದಿಕೆಯೊಳಗಿಂದಲೇ ಪಾತ್ರೆ ಚಾಚುತ್ತಿದ್ದೆವು. ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಮಾಸ್ತರರೇ ಒರಗುತ್ತಿದ್ದರು. 'ಕಿಟಕಿಗಳು' ನಡೆದಾಗ ಬಾಗಿಲಿಗೆ ಬಂದು ಮಾತಾಡಿದವರಿಲ್ಲ. ಬೀಗರ ಮಾತುಕತೆ, ತರಕಾರಿಯ ಚೌಕಾಸಿ, ನೆರೆಮನೆಯ ಚಾಡಿ ಎಲ್ಲ ಕಿಟಕಿಯಲ್ಲೇ. 'ಕುದುರೆಗಳು' ಬಂದಾಗ, ಊರಿನಲ್ಲಿ ಒಂದೇ ಒಂದು ಕುದುರೆ ಇಲ್ಲದಿದ್ದರೂ ಎಲ್ಲರ ನಡಿಗೆಯೂ ನಾಗಾಲೋಟವಾಯಿತು. ಮಂಡಿನೋವಿನ ಎಣ್ಣೆ ಮಾರುವವನು ಆ ವರ್ಷವೇ ಮನೆಯ ಮೇಲೆ ಮಾಳಿಗೆ ಎಬ್ಬಿಸಿದ. ಇದೇಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಳೆ ಬಂದರೆ ಕೊಡೆ ಎಲ್ಲಿ ಅಂತ ಹುಡುಕುತ್ತಾರೆಯೇ ಹೊರತು ಮೋಡದ ಜಾತಕ ಯಾರು ಕೇಳುತ್ತಾರೆ?

ನಾನು ಕಾಶವ್ವ. ಆ ಚಿತ್ರಗಳನ್ನು ಗೋಡೆಗೆ ಏರಿಸುವವಳು, ಇಳಿಸುವವಳು ನಾನೇ. ಮೊದಲು ಈ ಕೆಲಸ ನನ್ನ ಗಂಡ ಫಕೀರಪ್ಪನದಾಗಿತ್ತು. ಅವನು ಏಣಿಯ ಮೇಲೆ, ನಾನು ಕೋಣೆಯ ನಡುವೆ. 'ಎಡಕ್ಕ. ಇನ್ನಷ್ಟು. ಏ, ಅಷ್ಟಲ್ಲ, ಒಂದು ಬೆರಳು. ಕಣ್ಣು ಎಲ್ಲಿಟ್ಟೀಯೋ ಮಾರಾಯಾ' ಎಂದು ಕೆಳಗಿನಿಂದ ಬೈಯುವುದು ನನ್ನ ಪಾಲಿನ ಕೆಲಸ. ಅವನು ತೀರಿಕೊಂಡ ಮೇಲೆ ಸುತ್ತಿಗೆ ನನ್ನ ಕೈಗೆ ಬಂತು. ಕೆಲಸಕ್ಕೇನೂ ಕಷ್ಟವಿಲ್ಲ. ಆದರೆ ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಅನ್ನುವವರಿಲ್ಲ. ನಾನೇ ಏರಿ, ಮೊಳೆ ಹೊಡೆದು, ತೂಗುಹಾಕಿ, ಇಳಿದು, ಹಿಂದೆ ಸರಿದು ನೋಡಿ, ಸೊಟ್ಟಗಿದ್ದರೆ ಮತ್ತೆ ಏರಬೇಕು. ಒಂದು ಪ್ರದರ್ಶನ ಮುಗಿಯುವಷ್ಟರಲ್ಲಿ ಬೆಟ್ಟ ಹತ್ತಿಳಿದಷ್ಟು ಮೆಟ್ಟಿಲಾಗುತ್ತದೆ. ಬೈಯಲು ಯಾರೂ ಇಲ್ಲದೆ ಬಾಯಿಗೆ ಜಂಗು ಹಿಡಿದಿತ್ತು ಅಂತಲೂ ಹೇಳಿಬಿಡುತ್ತೇನೆ.

ಚಿತ್ರಶಾಲೆಯಲ್ಲಿ ಇರುವುದು ಮುನ್ನೂರು ಚಿಲ್ಲರೆ ಚಿತ್ರಗಳು. ಹೊಸದು ಒಳಗೆ ಬರುವಂತಿಲ್ಲ, ಇದ್ದದ್ದು ಹೊರಗೆ ಹೋಗುವಂತಿಲ್ಲ. ಕಟ್ಟಿಸಿದವರು ಹಾಗೆ ಹೇಳಿ ಕಣ್ಣು ಮುಚ್ಚಿದ್ದಾರೆ. ಆದ್ದರಿಂದ ಇದ್ದುದನ್ನೇ ಬೇರೆಬೇರೆ ರೀತಿ ಜೋಡಿಸಬೇಕು. ಅದೇ ಜೋಳದ ಹಿಟ್ಟಿನಲ್ಲಿ ಒಂದು ದಿನ ರೊಟ್ಟಿ, ಒಂದು ದಿನ ನುಚ್ಚು, ಒಂದು ದಿನ ಅಂಬಲಿ ಮಾಡಿದ ಹಾಗೆ. ಹೊಸ್ತಿಲಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರವೊಂದಿದೆ. ಅವಳು 'ದೀಪ'ದಲ್ಲೂ ಬಂದಳು, 'ಹೊಸ್ತಿಲು' ಪ್ರದರ್ಶನದಲ್ಲೂ ಬಂದಳು, 'ಕೆಂಪು ಸೀರೆ'ಯಲ್ಲೂ ಬಂದಳು. ಒಂದೊಂದು ಸಲವೂ ಜನ ಬೇರೆಯದನ್ನೇ ನೋಡಿದರು. ಮೊದಲನೆಯ ಸಲ ಬೆಂಕಿಯನ್ನು, ಎರಡನೆಯ ಸಲ ಅವಳ ಕಾಲನ್ನು, ಮೂರನೆಯ ಸಲ ಸೆರಗನ್ನು. ವಿಷಯ ಆರಿಸುವವರು ವಾಮನರಾಯರು, ಚಿತ್ರಶಾಲೆಯ ಮುಖ್ಯಸ್ಥರು. ಕಡ್ಡಿಯಂಥ ಮನುಷ್ಯ, ಮೃದು ಮಾತು. ಅವರಿಗೆ ಇರುವುದು ಒಂದೇ ಕೊರಗು. 'ಕಾಶವ್ವ, ಈ ಊರಾಗ ಚಿತ್ರ ನೋಡ್ಲಿಕ್ಕೆ ಯಾರೂ ಬರೂದಿಲ್ಲ ನೋಡ್ರಿ. ಅಕ್ಕಿ ತರಬೇಕೋ, ಹೊದಿಕೆ ತರಬೇಕೋ ಅಂತ ತಿಳಕೊಂಡು ಹೋಗ್ಲಿಕ್ಕೆ ಬರ್ತಾರ' ಅನ್ನುತ್ತಿದ್ದರು. ಅದು ನಿಜ. ನಾನೂ ಹಾಗೆಯೇ ನೋಡುತ್ತಿದ್ದೆ.

ಆ ಸಲ ಚಿತ್ರಶಾಲೆಯ ಬಾಗಿಲಿಗೆ 'ಮನೆಗೆ ಬಂದವರು' ಎಂಬ ಹಲಗೆ ಬಿದ್ದದ್ದೇ ತಡ, ಊರು ಎದ್ದು ಕುಣಿಯಿತು. ಅತಿಥಿಗಳ ಪ್ರದರ್ಶನ ನಡೆದು ಬಹಳ ವರ್ಷವಾಗಿತ್ತು. ಪಿಂಜಾರರ ಓಣಿಯಲ್ಲಿ ಹೊಸ ಹಾಸಿಗೆಗಳಿಗೆ ಹತ್ತಿ ಬಡಿಯುವ ಬಿಲ್ಲಿನ ಸದ್ದು ನಿಲ್ಲಲೇ ಇಲ್ಲ. ಹಪ್ಪಳ ಒಣಹಾಕಲು ಮಾಳಿಗೆಯಲ್ಲಿ ಜಾಗ ಸಾಲದೆ ಗುಡಿಯ ಕಟ್ಟೆ, ಪಂಚಾಯ್ತಿ ಕಟ್ಟೆ ಎಲ್ಲ ಹಪ್ಪಳವಾಯಿತು. ಶೇಂಗಾ ಚಟ್ನಿಪುಡಿ ಕುಟ್ಟುವ ಸದ್ದಿಗೆ ನಾಯಿಗಳು ಊರಾಚೆ ಹೋಗಿ ಮಲಗಿದವು. ಅತಿಥಿ ಸತ್ಕಾರ ಅಂದರೆ ನಮ್ಮೂರಿಗೆ ಅಷ್ಟು ಅಭಿಮಾನ. ಬಂದವರು ಎಲ್ಲಿಂದ ಬಂದರೆಂದು ಕೇಳಬಾರದು, ಯಾವಾಗ ಹೋಗುತ್ತಾರೆಂದು ಕೇಳಬಾರದು. ಎಲ್ಲಕ್ಕಿಂತ ಮುಖ್ಯ, ಬಂದವರ ಕೈಗೆ ಕೆಲಸ ಕೊಡಬಾರದು. ಉಂಡ ತಾಟನ್ನು ಅವರು ಎತ್ತಿದರೆ ಆ ಮನೆಯ ಮರ್ಯಾದೆ ಮೂರಾಬಟ್ಟೆ. ನಮ್ಮಲ್ಲಿ ಜಗಳ ವಿಕೋಪಕ್ಕೆ ಹೋದರೆ ಹೆಂಗಸರು ಬೈಯುವ ಕಟ್ಟಕಡೆಯ ಬೈಗುಳ, 'ನಿಮ್ದು ಅತಿಥಿ ಕಡೆಯಿಂದ ಮುಸುರಿ ತಿಕ್ಕಿಸಿದ ಮನಿ!' ಅದಾದ ಮೇಲೆ ಎರಡು ಮನೆಗಳ ನಡುವೆ ಬೆಂಕಿಯ ಕೆಂಡವೂ ಓಡಾಡುವುದಿಲ್ಲ.

ಚಿತ್ರಗಳನ್ನೆಲ್ಲ ಏರಿಸಿದೆ. ಗೋಡೆ ತುಂಬುವ ದೊಡ್ಡ ಚಿತ್ರ 'ಪಂಕ್ತಿ' ಮಾತ್ರ ಒಬ್ಬಳಿಂದ ಆಗುವಂಥದಲ್ಲ. ಸಾಲಾಗಿ ಕೂತು ಊಟ ಮಾಡುತ್ತಿರುವ ಇಪ್ಪತ್ತು ಮಂದಿ ಅದರಲ್ಲಿದ್ದಾರೆ, ಇಪ್ಪತ್ತು ಮಂದಿಯ ಭಾರವೂ ಅದಕ್ಕಿದೆ. ಫಕೀರಪ್ಪ ಹೋದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ವಾಮನರಾಯರು ತಾವೇ ಧೋತರ ಮೇಲೆ ಕಟ್ಟಿ ಒಂದು ತುದಿ ಹಿಡಿದರು. ಚಿತ್ರವೇನೋ ಏರಿತು, ರಾಯರ ಸೊಂಟ ಹಿಡಿಯಿತು. ಅಂದಿನಿಂದ ಅವರು ದಿಂಬು ಕಟ್ಟಿದ ಕುರ್ಚಿಯಲ್ಲಿ ಕೂತೇ ಚಿತ್ರಶಾಲೆ ನಡೆಸಿದರು.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಅತಿಥಿಗಳು ಬಂದಿಳಿದರು. ಯಾರನ್ನೂ ದಾರಿ ಕೇಳದೆ ಒಬ್ಬೊಬ್ಬರು ಒಂದೊಂದು ಮನೆಯ ಬಾಗಿಲಿಗೆ ನಡೆದುಬಂದರು. ನನ್ನ ಬಾಗಿಲಿಗೆ ಬಂದವಳು ನನ್ನದೇ ವಯಸ್ಸಿನ ಹೆಂಗಸು. ಕೈಯಲ್ಲಿ ಸಣ್ಣ ಟ್ರಂಕು, ಮೂಗಿನಲ್ಲಿ ಹಳೆಯ ನತ್ತು, ಬಿಸಿಲಿಗೆ ಕಿರಿದಾದ ಕಣ್ಣು. ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ, 'ನಾ ನಿಂಬೆವ್ವ. ನಿಮ್ಮ ಬಾಗಲಾ ಬಲಕ್ಕ ವಾಲೇತಿ ನೋಡ್ರಿ' ಅಂದಳು. ನಮಸ್ಕಾರಕ್ಕಿಂತ ಮೊದಲು ಬಂದ ಮಾತು ಅದು. ನಾನು ನಕ್ಕುಬಿಟ್ಟೆ. ಅದು ಬಲಕ್ಕೆ ವಾಲಿದ್ದು ನನಗೆ ಗೊತ್ತಿತ್ತು, ಆದರೆ ಇಷ್ಟು ವರ್ಷ ಅದನ್ನು ಕಂಡವರು ಇನ್ನೊಬ್ಬರಿರಲಿಲ್ಲ.

ಅವಳನ್ನು ನಾನು ನೋಡಿಕೊಂಡ ರೀತಿಗೆ ಊರಿನಲ್ಲಿ ನನಗೆ ಹೆಸರು ಬಂತು. ಬೆಳಿಗ್ಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ಒಲೆಯಿಂದಿಳಿದ ಮೊದಲ ರೊಟ್ಟಿಗೆ ಬೆಣ್ಣೆ ಸವರಿ ಅವಳ ತಾಟಿಗೆ ಹಾಕುವುದು, ಮಧ್ಯಾಹ್ನ ಲೋಡಿಗೆ ಒರಗಿಸಿ ಬೀಸಣಿಕೆ ಬೀಸುವುದು. ಅವಳು ಕಸಬರಿಗೆಗೆ ಕೈ ಹಾಕಿದರೆ ಕಸಿದುಕೊಳ್ಳುತ್ತಿದ್ದೆ. 'ಬ್ಯಾಡ್ರಿ ಅಕ್ಕಾರ, ನೀವು ಕುಂದರ್ರಿ.' ಹಿಟ್ಟು ನಾದಲು ಕೂತರೆ ಪರಾತ ಎಳೆದುಕೊಳ್ಳುತ್ತಿದ್ದೆ. 'ನೀವು ಸುಮ್ನ ಕುಂದರ್ರಿ ಅಂದ್ರ.' ಅವಳು ಕೂತಲ್ಲಿಯೇ ಬೆರಳು ಮಡಿಚುತ್ತ, ಬಿಡಿಸುತ್ತ ಕೂರುತ್ತಿದ್ದಳು. ಒಂದು ದಿನ ನಾನು ನೀರಿಗೆ ಹೊರಟಾಗ ಇನ್ನೊಂದು ಕೊಡ ಎತ್ತಿಕೊಂಡು ಬಾಗಿಲವರೆಗೆ ಬಂದಳು. ಅದನ್ನೂ ಕಸಿದೆ. 'ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳೇನು ಅಂತ ಗಾದಿ ಕೇಳಿದ್ದೆ. ನಿಮ್ಮೂರಾಗ ಆ ಗಾದಿ ನಡೆಯೂದಿಲ್ಲ ಕಾಣ್ತೈತಿ' ಎಂದಳು. ಹೊಗಳಿಕೆ ಅಂದುಕೊಂಡೆ.

ನಲ್ಲಿಯ ಹತ್ತಿರ ನನ್ನ ನೆರೆಮನೆಯ ರಾಜಮಾ ಮಾತ್ರ ಕೇಳಿಯೇ ಕೇಳುತ್ತಿದ್ದಳು. ಅವಳು ನಲ್ಲಿಯ ರಾಣಿ. ಅವಳ ಪಾಳಿ ತಪ್ಪಿಸಿ ಒಂದು ತಂಬಿಗೆ ನೀರು ಹಿಡಿದವರು ಊರಲ್ಲಿ ಉಳಿದಿಲ್ಲ. 'ನಿಮ್ಮಾಕಿ ಹ್ಯಾಂಗದಾಳವ್ವಾ? ನಮ್ಮ ಅತಿಥಿ ಅಂತೂ ಎರಡು ಬಟ್ಟಲ ಪಾಯಸ ಕುಡದ್ರು.' 'ನಮ್ಮಾಕಿ ಮೂರು' ಎನ್ನುತ್ತಿದ್ದೆ ನಾನು. ಎರಡೂ ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

ಸಂಜೆ ನಾವಿಬ್ಬರೂ ಪಡಸಾಲೆಯಲ್ಲಿ ಚೌಕಾಬಾರಾ ಆಡಲು ಕೂರುತ್ತಿದ್ದೆವು. ಆಟದಲ್ಲಿ ನನ್ನನ್ನು ಸೋಲಿಸುವವರು ಆ ಓಣಿಯಲ್ಲಿ ಹುಟ್ಟಿಲ್ಲ. ಆದರೆ ಅತಿಥಿಯನ್ನು ಸೋಲಿಸುವುದುಂಟೇ? ಕಾಯಿ ಕಡಿಯುವ ಅವಕಾಶ ಬಂದರೂ ಕಾಣದವಳಂತೆ ಬೇರೆ ಕಾಯಿ ನಡೆಸುತ್ತಿದ್ದೆ. ದಿನವೂ ಅವಳೇ ಗೆಲ್ಲುತ್ತಿದ್ದಳು, ದಿನವೂ ಅವಳ ಮುಖ ಸಣ್ಣಗಾಗುತ್ತಿತ್ತು. ಕೊನೆಗೊಂದು ದಿನ ಕವಡೆಗಳನ್ನು ಪಟ್ಟನೆ ನೆಲಕ್ಕಿಟ್ಟು, 'ಬೇಕಂತ ಸೋಲಾಕತ್ತೀರಿ ನೀವು. ನಾನೇನು ಕೂಸೇನ್ರಿ?' ಎಂದಳು. 'ಛೇ, ನಿಮ್ಮ ಕೈಗುಣರಿ ಅಕ್ಕಾರ' ಎಂದು ತೇಲಿಸಿದೆ. ಆದರೂ ಹೇಳಲೇಬೇಕು, ನನಗೆ ಅಷ್ಟು ಸುಖದ ಸಂಜೆಗಳು ಬಹಳ ಕಾಲದಿಂದ ಸಿಕ್ಕಿರಲಿಲ್ಲ. ಅವಳು ಓಣಿಯಲ್ಲಿ ಹೋಗುವವರ ನಡಿಗೆ ನೋಡಿ ಅವರ ಮನೆಯ ಜಗಳ ಹೇಳುತ್ತಿದ್ದಳು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಿರುತ್ತಿತ್ತು. ನನ್ನ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವ ಧೈರ್ಯ ಫಕೀರಪ್ಪನಿಗೂ ಇರಲಿಲ್ಲ, ಅವಳು ಮೊದಲ ವಾರವೇ ಹೇಳಿದಳು. ಉಪ್ಪು ನಿಜಕ್ಕೂ ಕಮ್ಮಿಯಿತ್ತು.

ಅವಳನ್ನು ಚಿತ್ರಶಾಲೆಗೂ ಕರೆದುಕೊಂಡು ಹೋದೆ. ಎಲ್ಲರೂ ಹಲಗೆ ಓದಿ, ಒಂದು ಸುತ್ತು ಹಾಕಿ ಹೊರಟುಬಿಡುವ ಕೋಣೆಯಲ್ಲಿ ಅವಳು ಒಂದೊಂದು ಚಿತ್ರದ ಮುಂದೆಯೂ ಕತ್ತು ವಾರೆ ಮಾಡಿ ನಿಂತಳು. ವಾಮನರಾಯರು ಹಿಗ್ಗಿ ಕುರ್ಚಿಯಿಂದ ಏಳಲು ಹೋಗಿ ಅಯ್ಯಪ್ಪಾ ಎಂದು ಮತ್ತೆ ಕೂತರು. ನಿಂಬೆವ್ವ ಬಹಳ ಹೊತ್ತು ನಿಂತದ್ದು 'ಬಾಗಿಲಲ್ಲಿ ನಿಂತವಳು' ಎಂಬ ಚಿತ್ರದೆದುರು. ಬಿಸಿಲಿನಿಂದ ಬಂದ ಹೆಂಗಸೊಬ್ಬಳು ತೆರೆದ ಬಾಗಿಲಲ್ಲಿ ನಿಂತಿದ್ದಾಳೆ, ಅವಳ ನೆರಳು ಉದ್ದಕ್ಕೆ ಮನೆಯೊಳಗೆ ಬಿದ್ದಿದೆ. 'ನೆಳ್ಳು ಒಳಗ ಹೋಗೇತಿ, ಆಕಿ ಮಾತ್ರ ಹೊಸ್ತಿಲಾಗ ನಿಂತಾಳ. ಯಾಕಂತ?' ಎಂದಳು. 'ಒಳಗಿನವರು ಬರ್ರಿ ಅನ್ನಬೇಕಲ್ಲ' ಎಂದೆ. 'ಅಂದಿರ್ತಾರ. ಬಂದು ಏನ್ ಮಾಡೂದು ಅಂತ ನಿಂತಿರ್ತಾಳ' ಎಂದು ಮುಂದಕ್ಕೆ ಸರಿದಳು. ಆ ಮಾತು ನನ್ನ ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ.

ಮುಂದಿನ ವಿಷಯದ ಹಲಗೆಯನ್ನು ರಾಯರು ಬರೆಯಿಸಲು ಕೊಟ್ಟ ದಿನ, ಚಿತ್ರ ಇಳಿಸುವ ಸೋಮವಾರಕ್ಕೆ ಇನ್ನೆಷ್ಟು ದಿನ ಎಂದು ಎಣಿಸಿದೆ. ಚಿತ್ರ ಇಳಿಸಿದ ದಿನ ಮಧ್ಯಾಹ್ನದ ಬಸ್ಸಿಗೆ ಅತಿಥಿಗಳು ಹೊರಡುತ್ತಾರೆ. ಇದುವರೆಗೆ ಒಬ್ಬರೂ ಉಳಿದದ್ದಿಲ್ಲ. ಅಳುವುದಿಲ್ಲ, ಕಾರಣ ಹೇಳುವುದಿಲ್ಲ. ಊಟದ ನಡುವೆಯೇ ಕಾಲುಗಳು ತಾವಾಗಿ ಏಳುತ್ತವೆ. ಹಿಂದಿನ ಸಲ ದೇಸಾಯರ ಮನೆಯ ಅತಿಥಿ ಅರ್ಧ ಹೋಳಿಗೆ ತಾಟಿನಲ್ಲೇ ಬಿಟ್ಟು ನಡೆದರಂತೆ, ಆ ಅರ್ಧ ಹೋಳಿಗೆಯ ಮಾತು ಬಂದರೆ ದೇಸಾಯರ ಹೆಂಡತಿ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ನಿಂಬೆವ್ವ ಹೋಗುವುದು ಬೇಡವಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ಹೋದರೆ ಮನೆ ಮತ್ತೆ ಮೊದಲಿನಂತಾಗುತ್ತದೆ, ಮೊದಲಿನಂತಿದ್ದ ಮನೆ ನನಗೆ ಸಾಕಾಗಿತ್ತು.

ಮುಂದಿನ ವಿಷಯ 'ನೆರಳು.' ಬಿಸಿಲ ಕಾಲಕ್ಕೆ ನೆರಳು ಬರುತ್ತದೆಂದು ಊರಿಗೆ ಊರೇ ರಾಯರನ್ನು ಹರಸಿತು. ನನಗೆ ಒಂದು ಯುಕ್ತಿ ಹೊಳೆಯಿತು. ನೇರ ಹೋಗಿ ಅವರ ಕುರ್ಚಿಯ ಮುಂದೆ ನಿಂತೆ. 'ಸಾಹೇಬ್ರ, ಬಾಗಿಲಲ್ಲಿ ನಿಂತವಳು ಚಿತ್ರ ನೆರಳಿಗೂ ಬರ್ತೈತಲ್ರಿ? ಅಷ್ಟು ಉದ್ದ ನೆಳ್ಳು ಬ್ಯಾರೆ ಯಾವ ಚಿತ್ರದಾಗ ಐತಿ? ಅದನ್ನ ಇಳಸೂದ ಬ್ಯಾಡ್ರಿ, ಇದ್ದಲ್ಲೇ ಇರಲಿ.' ರಾಯರು ನನ್ನ ಮುಖವನ್ನೇ ನೋಡಿದರು. ಅವರಿಗೆ ತಿಳಿಯದ್ದೇನಲ್ಲ.

'ನಿಂಬೆವ್ವಗಾಗಿ ಕೇಳ್ಲಿಕ್ಕೆ ಹತ್ತೀರಿ, ಹೌದಿಲ್ಲೋ?' ಎಂದರು. 'ಇಡೋಣು. ಚಿತ್ರ ಚಲೋ ಅದ, ವಿಷಯಕ್ಕೂ ಹೊಂದ್ತದ. ಆದ್ರ ಕಾಶವ್ವ, ಸುಳ್ಳು ಆಸೆ ಇಟ್ಕೋಬ್ಯಾಡ್ರಿ. ಅಕ್ಕಪಕ್ಕ ಇಪ್ಪತ್ತು ನೆರಳು ತೂಗಿದ ಮ್ಯಾಲ ಅದು ನೆರಳಿನ ಚಿತ್ರ ಆಗ್ತದ. ಆಕಿ ಯಾರು, ಯಾರ ಮನಿಗೆ ಬಂದಾಳ ಅಂತ ಆಗ ಯಾರೂ ನೋಡೂದಿಲ್ಲ. ಸಂಗ ಬದಲಾದ್ರ ಚಿತ್ರದ ಮಾತೂ ಬದಲಾಗ್ತದ. ನನ್ನ ಕೆಲಸಾನೇ ಅದು, ನನಗ ಗೊತ್ತಿಲ್ಲೇನು?' ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸಿಟ್ಟು ಬಂತು. 'ನಿಮ್ಮ ಸೊಂಟ ಇನ್ನೊಂದು ವಾರ ಹಂಗ ಇರಲಿ' ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದೆ.

ಸೋಮವಾರ ಬಂತು. ಹಿಂದಿನ ದಿನವೇ ಹೂರಣ ರುಬ್ಬಿ, ಬೆಳಿಗ್ಗೆ ನಿಂಬೆವ್ವನಿಗೆ ಹೋಳಿಗೆ ಬಡಿಸಿದೆ. ಅವಳು ಎರಡು ತಿಂದು ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು. 'ಅರ್ಧ ಬಿಡೂದ ಬ್ಯಾಡ, ಮೊದಲ ಬ್ಯಾಡ ಅಂತೀನಿ' ಎಂದು ನಕ್ಕಳು. ದೇಸಾಯರ ಮನೆಯ ಕಥೆ ಅವಳಿಗೆ ಯಾರು ಹೇಳಿದರೋ. ನನಗೆ ನಗಲಾಗಲಿಲ್ಲ. ಉಳಿದ ಹೋಳಿಗೆಯನ್ನು ಡಬ್ಬಿಗೆ ಹಾಕಿ, ಸುತ್ತಿಗೆ, ಇಕ್ಕಳ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಟ್ಟೆ. ಅವಳು ಎದ್ದು ಹೋಗುವುದನ್ನು ನೋಡುವುದಕ್ಕಿಂತ ನಾನೇ ಮೊದಲು ಎದ್ದುಹೋಗುವುದು ಮೇಲೆನಿಸಿತು.

ಸಣ್ಣ ಚಿತ್ರಗಳನ್ನು ಒಂದೊಂದಾಗಿ ಇಳಿಸುತ್ತ ಬಂದೆ. ಒಂದು ಚಿತ್ರ ಇಳಿದಂತೆ ಹೊರಗೆ ಒಂದು ಬಾಗಿಲು ತೆರೆದ ಸದ್ದು. ಕಿಟಕಿಯಿಂದ ನೋಡಿದರೆ ಓಣಿಯಲ್ಲಿ ಅತಿಥಿಗಳು ಗಂಟು ಹಿಡಿದು ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದರು, ಹಿಂದೆಯೇ ಮನೆಯವರು ಚಟ್ನಿಪುಡಿ ಪೊಟ್ಟಣ ಹಿಡಿದು ಓಡುತ್ತಿದ್ದರು. ರಾಯರು ಕುರ್ಚಿಯಲ್ಲಿ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದರು. ಇಳಿಸಬೇಕಾದದ್ದರಲ್ಲಿ ಕಡೆಗೆ 'ಪಂಕ್ತಿ' ಒಂದೇ ಉಳಿಯಿತು. ಒಂದು ತುದಿಯ ಕೊಕ್ಕೆ ಸಡಿಲ ಮಾಡಿದರೆ ಇನ್ನೊಂದು ತುದಿ ಹಿಡಿಯುವವರಿಲ್ಲ. ರಾಯರು ಏಳಲು ಹವಣಿಸಿದರು. 'ಕುಂದರ್ರಿ ನೀವು' ಎಂದು ಗದರಿಸಿದೆ. ಒಬ್ಬಳೇ ಎರಡು ಸಲ ಎತ್ತಿ ನೋಡಿದೆ. ಇಪ್ಪತ್ತು ಮಂದಿಯೂ ಉಣ್ಣುತ್ತ ಕೂತಲ್ಲೇ ಕೂತರು.

'ನಾ ಹಿಡೀಲೇನ್ರಿ?'

ನಿಂಬೆವ್ವ ಬಾಗಿಲಲ್ಲಿದ್ದಳು, ಕೈಯಲ್ಲಿ ಟ್ರಂಕು. ಬಸ್ಸಿಗೆ ಹೋಗುವ ದಾರಿಯಲ್ಲಿ ಹೇಳಿಹೋಗಲು ಬಂದಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು. 'ಬ್ಯಾಡ್ರಿ ಅಕ್ಕಾರ' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಆಗ ಅವಳ ಕೈ ನೋಡಿದೆ. ಟ್ರಂಕಿನ ಹಿಡಿಕೆಯ ಮೇಲೆ ಬೆರಳುಗಳು ಮಡಿಚುತ್ತಿದ್ದವು, ಬಿಡಿಸುತ್ತಿದ್ದವು. ನನ್ನ ಮನೆಯಲ್ಲಿ ಇಷ್ಟು ದಿನ ಆ ಕೈಗಳು ಮಾಡಿದ್ದು ಅಷ್ಟೇ. ಉಣ್ಣುವುದು, ಮಡಿಚುವುದು, ಬಿಡಿಸುವುದು. ಊರಿನವರು ಏನೆಂದಾರು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಲಿ ಎಂದುಕೊಂಡೆ. ನಿಜ ಹೇಳುತ್ತೇನೆ, ಅವಳನ್ನು ಉಳಿಸಿಕೊಳ್ಳುವ ಯುಕ್ತಿ ಅದಾಗಿರಲಿಲ್ಲ, ಯುಕ್ತಿಗಳೆಲ್ಲ ಮುಗಿದಿದ್ದವು. ನನಗೆ ಒಬ್ಬಳಿಂದ ಆಗುತ್ತಿರಲಿಲ್ಲ, ಅಷ್ಟೆ.

'ಹಿಡೀರಿ' ಎಂದೆ. 'ಒಬ್ಬಾಕಿ ಕಡೆಯಿಂದ ಆಗವಲ್ದು.'

ಟ್ರಂಕು ನೆಲಕ್ಕೆ ಬಿದ್ದ ಸದ್ದಿಗೆ ರಾಯರು ಬೆಚ್ಚಿಬಿದ್ದರು. ನಿಂಬೆವ್ವ ಸೆರಗು ಬಿಗಿದು, ಇನ್ನೊಂದು ಏಣಿ ಎಳೆದುಕೊಂಡು, ನನಗಿಂತ ಚುರುಕಾಗಿ ಹತ್ತಿದಳು. ಚಿತ್ರದ ಕೆಳಗೆ ಎರಡೂ ಕೈ ಕೊಟ್ಟಳು. ಕೊಕ್ಕೆಗಳು ಬಿಟ್ಟವು, ಭಾರ ಇಳಿಯಿತು. ನಡುವೆ ಅವಳ ಕಡೆ ಸ್ವಲ್ಪ ಜಗ್ಗಿದಂತೆ ಕಂಡಿತು. 'ಏ, ಎಡಕ್ಕ ಹಿಡಿ! ಎಡಕ್ಕ! ಕಣ್ಣು ಎಲ್ಲಿಟ್ಟೀಯ?' ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಕಿವಿಯವರೆಗೆ ಬಿಸಿಯಾಯಿತು. ಅತಿಥಿಯನ್ನು ಏಕವಚನದಲ್ಲಿ ಬೈದವಳು ನಮ್ಮೂರಿನ ಚರಿತ್ರೆಯಲ್ಲೇ ನಾನೊಬ್ಬಳಿರಬೇಕು. ನಿಂಬೆವ್ವ ಚಿತ್ರದ ಆ ತುದಿಯಿಂದ ಕತ್ತು ಚಾಚಿ ನೋಡಿದಳು. ಮುಖವೆಲ್ಲ ಬೆವರು, ಬಾಯಿತುಂಬ ನಗು. 'ನಿನ್ನ ಕಡೀಗೇ ಇಳಿದೇತಿ, ಮೊದಲ ನಿನ್ನ ಕೈ ನೋಡ್ಕೊ' ಎಂದಳು. ನೋಡಿದರೆ ಅವಳು ಹೇಳಿದ್ದೇ ಸರಿ.

ಇಪ್ಪತ್ತು ಮಂದಿಯನ್ನು ತಾಟಿನೊಳಗಿನ ಅನ್ನ ಚೆಲ್ಲದ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಒಂದು ಸಲ, ಎರಡು ಸಲ. ನಾನು ನೆಲ ನೋಡುತ್ತ ನಿಂತೆ. ನಿಂಬೆವ್ವ ತನ್ನ ಕಾಲುಗಳನ್ನೇ ನೋಡಿಕೊಂಡಳು, ಅವು ಏನು ಹೇಳುತ್ತವೋ ಕೇಳೋಣ ಎಂಬಂತೆ. ಮೂರನೆಯ ಸಲ ಹಾರ್ನ್ ಆಯಿತು, ಆಮೇಲೆ ಗೇರು ಬದಲಿಸಿದ ಸದ್ದು, ಆಮೇಲೆ ಧೂಳು.

'ಏನಾತು?' ಎಂದು ಕೇಳಿದೆ.

'ಹಸಿವಾಗೇತಿ' ಎಂದಳು. 'ಆ ಮೂರನೇ ಹೋಳಿಗಿ ಐತೋ, ನೀನ ತಿಂದಿಯೋ?'

ರಾಯರು ಜೋರಾಗಿ ನಕ್ಕರು, ನಕ್ಕು ಸೊಂಟ ಹಿಡಿದುಕೊಂಡರು. ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದ ಹೋಳಿಗೆಯನ್ನು ಮೂವರೂ ಹಂಚಿಕೊಂಡು ತಿಂದು, ಆ ಮಧ್ಯಾಹ್ನವೇ ನೆರಳುಗಳನ್ನು ಏರಿಸಿದೆವು. ನಾನು ಏಣಿಯ ಮೇಲೆ, ನಿಂಬೆವ್ವ ಕೋಣೆಯ ನಡುವೆ. ಫಕೀರಪ್ಪ ಬದುಕಿದ್ದರೆ ನನಗೆ ತಕ್ಕ ಶಾಸ್ತಿಯಾಯಿತೆಂದು ಕುಣಿಯುತ್ತಿದ್ದ, ಅಷ್ಟು ಬೈಗುಳ ತಿಂದೆ. 'ಬಾಗಿಲಲ್ಲಿ ನಿಂತವಳು' ಇದ್ದಲ್ಲೇ ಉಳಿದಳು. ಅಕ್ಕಪಕ್ಕ ಮರದ ನೆರಳು, ಬಂಡಿಯ ನೆರಳು ಬಂದ ಮೇಲೆ, ರಾಯರು ಹೇಳಿದ ಹಾಗೆಯೇ, ನನ್ನ ಕಣ್ಣಿಗೆ ಅವಳು ಕಾಣಲೇ ಇಲ್ಲ. ಕಂಡದ್ದು ನೆಲದ ಮೇಲಿನ ಉದ್ದನೆಯ ತಂಪು ಮಾತ್ರ. ಮನೆಗೆ ಬರುವಾಗ ಓಣಿಯ ತುಂಬ ನೆರಳು ಹಾಸಿತ್ತು, ಜನ ಜಗಲಿಯಲ್ಲಿ ಕೂತು ಹಾಯೆನ್ನುತ್ತಿದ್ದರು. ನನ್ನ ಪಕ್ಕ ನಡೆಯುತ್ತಿದ್ದವಳನ್ನು ಕಂಡು ಮಾತು ನಿಲ್ಲಿಸಿದರು. ಅವಳ ಕೈಯಲ್ಲಿ ನನ್ನ ಸುತ್ತಿಗೆಯಿತ್ತು, ನನ್ನ ಕೈಯಲ್ಲಿ ಅವಳ ಟ್ರಂಕು.

ಅಂದು ಸಂಜೆ ಚೌಕಾಬಾರಾದಲ್ಲಿ ಅವಳ ಕಾಯಿಗಳನ್ನು ಕಂಡಕಂಡಲ್ಲಿ ಕಡಿದೆ. ಅವಳು ಸೋತು, ಬೈದು, ಇನ್ನೊಂದು ಆಟ ಎಂದು ಹಟ ಹಿಡಿದಳು. ಉಂಡ ತಾಟನ್ನು ತಾನೇ ಎತ್ತಿ ತಿಕ್ಕಲು ಹೋದಾಗ ನನ್ನ ಕೈ ತಾನಾಗಿ ಮುಂದೆ ಬಂತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ. 'ನಿನ್ನ ತಾಟೂ ಕೊಡು' ಎಂದಳು. ಕೊಟ್ಟೆ. ಇರುತ್ತೀಯಾ ಎಂದು ನಾನು ಕೇಳಲಿಲ್ಲ, ಇರುತ್ತೇನೆಂದು ಅವಳು ಹೇಳಲಿಲ್ಲ. ಬೆಳಗಿನ ಹೊತ್ತು ಇನ್ನೊಂದು ಬಸ್ಸಿರುವುದು ನನಗೂ ಗೊತ್ತಿತ್ತು.

ಮರುದಿನ ಎಚ್ಚರವಾದಾಗ ಬೆಳಕು ಹರಿದಿತ್ತು. ಪಕ್ಕದ ಹಾಸಿಗೆ ಸುರುಳಿ ಸುತ್ತಿ ಮೂಲೆಗಿಟ್ಟಿತ್ತು, ಅವಳಿರಲಿಲ್ಲ. ದೂರದಲ್ಲಿ ಬಸ್ಸು ಗಡಗಡ ಎನ್ನುತ್ತ ಊರು ದಾಟುವ ಸದ್ದು. ಟ್ರಂಕು ಇದೆಯೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯವಾಗದೆ ಕೂತಲ್ಲೇ ಕೂತೆ. ಅಷ್ಟು ಹೊತ್ತಿಗೆ ಓಣಿಯ ನಲ್ಲಿಯ ಕಡೆಯಿಂದ ಕೊಡಗಳು ಒಂದಕ್ಕೊಂದು ಬಡಿದ ಸದ್ದು ಬಂತು. ಹಿಂದೆಯೇ ರಾಜಮಾಳ ಗಂಟಲು, ಅವಳು ಅಷ್ಟು ಎತ್ತರಕ್ಕೆ ಏರಿಸಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

'ಪಾಳಿ ನಂದೈತಿ ಅಂದ್ರ ತಿಳಿಯೂದಿಲ್ಲೇನ ನಿನಗ? ನಿನ್ನಿ ಮೊನ್ನಿ ಬಂದಾಕಿ, ಯಾವಾಕಿ ನೀ ನನಗ ಹೇಳಾಕ?'

'ಕಾಶವ್ವನ ಮನಿಯಾಕಿ!' ಎಂದಿತು ಇನ್ನೊಂದು ದನಿ, ಅದಕ್ಕಿಂತಲೂ ಎತ್ತರಕ್ಕೆ. 'ಮೊದಲ ನಿನ್ನ ಕೊಡ ನೆಟ್ಟಗಿಡು, ಬಲಕ್ಕ ವಾಲೇತಿ!'

ಜಗಳ ಬಿಡಿಸಲು ಹೋಗಬೇಕಾಗಿತ್ತು, ಹೋಗಲಿಲ್ಲ. ಅಷ್ಟು ಚಂದದ ಸದ್ದನ್ನು ಯಾರು ನಿಲ್ಲಿಸುತ್ತಾರೆ? ಕಣ್ಣೊರೆಸಿಕೊಂಡು ಎದ್ದೆ, ಒಲೆ ಹೊತ್ತಿಸಿದೆ. ಅವಳು ಬಂದ ಮೇಲೆ ಕೊಟ್ಟು ಕಳಿಸಲು ಇನ್ನೊಂದು ಕೊಡ ತೊಳೆದಿಟ್ಟೆ.